ಫಾಸ್ಟರ್ ಕೇರ್‌ಗೆ ಬರುವ ಮಕ್ಕಳ ಜೊತೆ ಕ್ರೈಸ್ತ ಸಭೆ ಹೇಗೆ ನಿಲ್ಲಬಹುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫಾಸ್ಟರ್ ಕೇರ್ ಬಗ್ಗೆ ಸಭೆಯಲ್ಲಿ ಮಾತು ತೆಗೆದಾಗಲೆಲ್ಲ ಆರಾಧನೆ ಮುಗಿದ ಮೇಲೆ ಯಾರಾದರೂ ಬಂದು ಏನಾದರೂ ಕೇಳುತ್ತಾರೆ. ಎಲ್ಲರ ಮುಂದೆ ಕೇಳುವವರು ಕಡಿಮೆ. ಜಾಸ್ತಿ ಜನ ಬಾಗಿಲ ಹತ್ತಿರ ನಿಂತು, ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇರುತ್ತದೆ. ಅದನ್ನು ನಿಮ್ಮಲ್ಲಿರುವ ಮಕ್ಕಳ ರಕ್ಷಣಾ ಇಲಾಖೆಯವರನ್ನೇ ಕೇಳಿ ತಿಳಿದುಕೊಳ್ಳಿ. ಇಲ್ಲಿರುವುದು ಸಭೆಯಾಗಿ ನಾವು ಮಾಡಬಹುದಾದ ಕೆಲಸ.

ಫಾಸ್ಟರ್ ಕೇರ್ ಅಂದ್ರೆ ದತ್ತು ತಗೊಳ್ಳೋದೇ ಅಲ್ವಾ?

ಅಲ್ಲ. ದತ್ತು ಅಂದರೆ ಮಗು ಕಾನೂನು ಪ್ರಕಾರ ಶಾಶ್ವತವಾಗಿ ನಿಮ್ಮದಾಗುತ್ತದೆ. ಫಾಸ್ಟರ್ ಕೇರ್ ಅಂದರೆ ಹೆತ್ತವರ ಮನೆಯಲ್ಲಿ ಸದ್ಯಕ್ಕೆ ಇರಲು ಆಗದ ಮಗುವನ್ನು ಇನ್ನೊಂದು ಕುಟುಂಬ ಸ್ವಲ್ಪ ಕಾಲ ನೋಡಿಕೊಳ್ಳುವುದು. ಅದು ಎರಡು ದಿನ ಇರಬಹುದು, ಎರಡು ವರ್ಷವೂ ಇರಬಹುದು. ಮಗುವಿನ ವಿಷಯದಲ್ಲಿ ದೊಡ್ಡ ತೀರ್ಮಾನಗಳನ್ನು ಮಾಡುವುದು ಕೋರ್ಟ್ ಅಥವಾ ಇಲಾಖೆ. ಹೆಚ್ಚಿನ ಸಲ ಗುರಿ ಒಂದೇ: ಮನೆಯ ಪರಿಸ್ಥಿತಿ ಸರಿಹೋದ ಮೇಲೆ ಮಗು ವಾಪಸ್ ಹೋಗಬೇಕು.

ಇದು ಸಭೆಗೆ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಮಗು ವಾಪಸ್ ಹೋದ ದಿನ “ಅಯ್ಯೋ, ಕೊಟ್ಟುಬಿಟ್ರಾ?” ಅಂತ ಸಾಕು ತಾಯಿಯನ್ನೇ ಕೇಳುತ್ತಾರೆ. ಆಕೆಗೆ ಅದಕ್ಕಿಂತ ನೋವಿನ ಮಾತು ಇನ್ನೊಂದಿಲ್ಲ.

ಈ ಮಕ್ಕಳೆಲ್ಲ ಅನಾಥರಾ?

ಬಹಳಷ್ಟು ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಬದುಕಿರುತ್ತಾರೆ. ಕುಡಿತ, ಹೊಡೆತ, ಕಾಯಿಲೆ, ಜೈಲು, ಮನಸ್ಸಿನ ಕಾಯಿಲೆ, ನೋಡಿಕೊಳ್ಳುವವರೇ ಇಲ್ಲದಿರುವುದು, ಹೀಗೆ ಕಾರಣಗಳು ಹಲವು. ಎಷ್ಟೇ ಕಷ್ಟದ ಮನೆಯಿಂದ ಬಂದಿರಲಿ, ಮಗುವಿಗೆ ಅದು ತನ್ನ ಮನೆ. ರಾತ್ರಿ ಅದು ಅಳುವುದು ಆ ಮನೆಗಾಗಿಯೇ. ಆದ್ದರಿಂದ “ಪಾಪ, ಅನಾಥ ಮಗು” ಅಂತ ಅದರ ಕಿವಿಗೆ ಬೀಳುವ ಹಾಗೆ ದಯವಿಟ್ಟು ಹೇಳಬೇಡಿ.

ನಾವು ಅನಾಥಾಲಯಕ್ಕೆ ಕಾಣಿಕೆ ಕಳಿಸುತ್ತೇವೆ. ಅಷ್ಟು ಸಾಲದಾ?

ಕಳಿಸುವವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕ್ರೈಸ್ತ ಬೋಧಕ ಜಾರ್ಜ್ ಮುಲ್ಲರ್ 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳಿಗಾಗಿ ಮನೆ ತೆರೆದರು. ಅವರ ಜೀವಮಾನದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅಲ್ಲಿ ಬೆಳೆದರು. ಆ ಕಾಲಕ್ಕೆ ಅದು ತುಂಬ ದೊಡ್ಡ ಕೆಲಸ. ಆದರೆ ಮುಂದೆ ಅದೇ ಸಂಸ್ಥೆ ತನ್ನ ದೊಡ್ಡ ಕಟ್ಟಡಗಳನ್ನು ಬಿಟ್ಟು, ಮಕ್ಕಳನ್ನು ಚಿಕ್ಕ ಚಿಕ್ಕ ಮನೆಗಳಲ್ಲಿ ಇಡುವ ದಾರಿ ಹಿಡಿಯಿತು. ಮಕ್ಕಳಿಗೆ ಬೇಕಿರುವುದು ಏನು ಅಂತ ಕಾಲ ಕಳೆದ ಹಾಗೆ ನಮಗೆಲ್ಲ ಹೆಚ್ಚು ಗೊತ್ತಾಗಿದೆ.

ಇದಕ್ಕೆ ಗಟ್ಟಿ ಆಧಾರವೂ ಇದೆ. 2000ದ ಹೊತ್ತಿಗೆ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಸಂಶೋಧಕರು ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳ ಬೆಳವಣಿಗೆಯನ್ನು ನೋಡತೊಡಗಿದರು. ಅರ್ಧದಷ್ಟು ಮಕ್ಕಳು ಫಾಸ್ಟರ್ ಕುಟುಂಬಗಳಿಗೆ ಹೋದರು. ಉಳಿದವರ ಆರೈಕೆ ಆಗ ನಡೆಯುತ್ತಿದ್ದ ಹಾಗೇ ಮುಂದುವರಿಯಿತು. ಮನೆಗಳಿಗೆ ಹೋದ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲೂ, ಒಬ್ಬರನ್ನು ನಂಬಿ ಹಚ್ಚಿಕೊಳ್ಳುವುದರಲ್ಲೂ ಮುಂದೆ ಬಂದರು. ಸುಮಾರು ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಒಳ್ಳೆಯದಾಯಿತು. ಮಗುವಿಗೆ ಊಟ, ಬಟ್ಟೆ, ಹಾಸಿಗೆ ಎಲ್ಲವೂ ಬೇಕು. ಅದರ ಜೊತೆಗೆ ಅತ್ತಾಗ ಪ್ರತಿ ಸಲ ಅದೇ ಮುಖ ಬರಬೇಕು. ಪಾಳಿ ಬದಲಾದ ಹಾಗೆಲ್ಲ ಮುಖ ಬದಲಾದರೆ ಮಗು ಅಳುವುದನ್ನೇ ಬಿಟ್ಟುಬಿಡುತ್ತದೆ.

2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮೊದಲು ಮಗು ಸ್ವಂತ ಮನೆಯಲ್ಲೇ ಉಳಿಯುವ ಹಾಗೆ ನೋಡಿ. ಆಗದಿದ್ದರೆ ಕುಟುಂಬದಂಥ ಜಾಗ ಹುಡುಕಿ. ಅದರಲ್ಲೂ ಮೂರು ವರ್ಷದೊಳಗಿನ ಮಕ್ಕಳನ್ನು ಕುಟುಂಬಗಳಲ್ಲೇ ಇಡಬೇಕು ಅಂತ ಅದು ಒತ್ತಿ ಹೇಳುತ್ತದೆ. ಕಾಣಿಕೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅದೇ ಪ್ರೀತಿಯನ್ನು ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತಿರುವ ಸಾಕು ಕುಟುಂಬದ ಕಡೆಗೂ ತಿರುಗಿಸಿ.

ನಮ್ಮ ಸಭೆ ಚಿಕ್ಕದು. ಮಗುವನ್ನು ಮನೆಗೆ ಕರೆತರುವ ಸ್ಥಿತಿಯಲ್ಲಿ ಯಾರೂ ಇಲ್ಲ. ನಾವೇನು ಮಾಡೋಣ?

ಈ ಪ್ರಶ್ನೆ ಕೇಳಿದವರಿಗೆ ನಾನು ಕೈಮುಗಿಯುತ್ತೇನೆ, ಯಾಕೆಂದರೆ ಇವರು ನಿಜವಾಗಿ ಕೆಲಸಕ್ಕೆ ಬರುವವರು. ಎಲ್ಲರೂ ಮಗು ಕರೆತರಬೇಕಿಲ್ಲ. ಕರೆತಂದವರು ಕುಸಿಯದ ಹಾಗೆ ನೋಡಿಕೊಂಡರೂ ಸಾಕು.

ಸಾಕು ತಂದೆ ತಾಯಿ ಕೈಬಿಡುವುದು ಪ್ರೀತಿ ಕಡಿಮೆಯಾಗಿ ಅಲ್ಲ. ನಿದ್ದೆ ಇಲ್ಲದೆ, ಮಾತಾಡಲು ಯಾರೂ ಇಲ್ಲದೆ ಸುಸ್ತಾಗಿ ಕೈಬಿಡುತ್ತಾರೆ. ಮಗುವನ್ನು ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗಬೇಕು. ಹೆತ್ತವರ ಭೇಟಿಗೆ, ಕೋರ್ಟಿಗೆ, ಡಾಕ್ಟರ ಹತ್ತಿರ, ಶಾಲೆಗೆ ಹೋಗಬೇಕು. ಮನೆಗೆ ಇಲಾಖೆಯವರು ಬರುತ್ತಾರೆ. ಈ ನಡುವೆ ಪಾತ್ರೆ ಸಿಂಕಿನಲ್ಲೇ ಇರುತ್ತವೆ, ಬಟ್ಟೆ ರಾಶಿ ಬಿದ್ದಿರುತ್ತದೆ.

ಒಂದು ಕುಟುಂಬಕ್ಕೆ ಐದಾರು ಜನರ ಗುಂಪು ಸಾಕು. ಒಬ್ಬರು ವಾರಕ್ಕೆ ಒಂದು ದಿನ ಊಟ ತಲುಪಿಸಲಿ. ಒಬ್ಬರು ಇಸ್ತ್ರಿ, ಒಗೆತ ನೋಡಲಿ. ಗಾಡಿ ಇರುವವರು ಓಡಾಟಕ್ಕೆ ಆಗಲಿ. ನಿವೃತ್ತ ಟೀಚರ್ ಇದ್ದರೆ ಪಾಠ ಹೇಳಿಕೊಡಲಿ. ಇಲಾಖೆಯ ಒಪ್ಪಿಗೆ ಇರುವ ಇನ್ನೊಂದು ಕುಟುಂಬ ತಿಂಗಳಿಗೆ ಒಂದು ಸಂಜೆ ಮಗುವನ್ನು ನೋಡಿಕೊಂಡರೆ, ಸಾಕು ತಂದೆ ತಾಯಿ ನೆಮ್ಮದಿಯ ಉಸಿರು ಬಿಡುತ್ತಾರೆ. ಕೊನೆಗೆ ಒಬ್ಬರು ಈ ಎಲ್ಲದರ ಲೆಕ್ಕ ಇಡಬೇಕು. ಆ ಒಬ್ಬರಿಲ್ಲದಿದ್ದರೆ ಸೋಮವಾರ ಮೂರು ಮನೆಯಿಂದ ಊಟ ಬರುತ್ತದೆ, ಗುರುವಾರ ಯಾರೂ ಇರುವುದಿಲ್ಲ.

“ಏನಾದ್ರೂ ಬೇಕಿದ್ರೆ ಹೇಳಿ” ಅನ್ನುವ ಮಾತು ಬೇಡ. ಸುಸ್ತಾದವರು ಹೇಳುವುದಿಲ್ಲ. “ಬುಧವಾರ ಆರು ಗಂಟೆಗೆ ಊಟ ತರ್ತೀನಿ, ಬಾಗಿಲಲ್ಲೇ ಕೊಟ್ಟು ಹೋಗ್ತೀನಿ” ಅನ್ನಿ. ಬಾಗಿಲಲ್ಲೇ ಕೊಟ್ಟು ಹೋಗುವುದು ಮುಖ್ಯ. ಒಳಗೆ ಬಂದು ಕೂತರೆ ಅವರು ಅತಿಥಿ ಸತ್ಕಾರ ಮಾಡಬೇಕಾಗುತ್ತದೆ.

ಇನ್ನೊಂದು ಕಡೆಗೂ ಕಣ್ಣು ಹಾಯಿಸಿ. ಮೊಮ್ಮಗುವನ್ನೋ, ತಂಗಿಯ ಮಗುವನ್ನೋ ಸಾಕುತ್ತಿರುವ ಅಜ್ಜಿ, ದೊಡ್ಡಮ್ಮ ನಿಮ್ಮ ಸಭೆಯಲ್ಲೇ ಇರಬಹುದು. ಬೈಬಲಿನಲ್ಲಿ ಮೊರ್ದೆಕೈ ತನ್ನ ಚಿಕ್ಕಪ್ಪನ ಮಗಳು ಎಸ್ತೇರಳನ್ನು ಸಾಕಿದ್ದು ಇದೇ ಥರ. ಇವರಿಗೆ ಯಾರೂ ಫಾಸ್ಟರ್ ಪೋಷಕರು ಅನ್ನುವುದಿಲ್ಲ, ಎಷ್ಟೋ ಸಲ ಸರ್ಕಾರದ ನೆರವೂ ಸಿಗುವುದಿಲ್ಲ. ಅವರ ಮಂಡಿ ನೋವು, ಬಿ.ಪಿ. ಮಾತ್ರೆ, ರಾತ್ರಿಯ ಜಾಗರಣೆ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಮಗು ಬರುವ ಮೊದಲ ದಿನಕ್ಕೆ ಏನು ಸಿದ್ಧ ಮಾಡಿಟ್ಟಿರಬೇಕು?

ಒಂದು ಬ್ಯಾಗ್. ಮಕ್ಕಳನ್ನು ಮನೆಯಿಂದ ಕರೆದುಕೊಂಡು ಬರುವುದು ಎಷ್ಟೋ ಸಲ ಅವಸರದಲ್ಲಿ, ರಾತ್ರಿ ಹೊತ್ತಲ್ಲಿ. ಕೈಗೆ ಸಿಕ್ಕ ಬಟ್ಟೆಯನ್ನು ಕಸ ತುಂಬುವ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ತರುತ್ತಾರೆ. ತನ್ನ ಸಾಮಾನು ಕಸದ ಚೀಲದಲ್ಲಿದ್ದರೆ ಮಗು ತನ್ನ ಬಗ್ಗೆ ಏನು ಅಂದುಕೊಳ್ಳಬಹುದು?

ಜಿಪ್ ಇರುವ ಗಟ್ಟಿ ಬ್ಯಾಗ್, ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಹೊಸ ಒಳಉಡುಪು, ರಾತ್ರಿ ಬಟ್ಟೆ, ಮೆತ್ತನೆಯ ಹೊದಿಕೆ, ಚಿಕ್ಕ ಟಾರ್ಚ್, ಒಂದು ನೋಟ್‌ಬುಕ್, ಬಣ್ಣದ ಪೆನ್ಸಿಲ್. ಹದಿವಯಸ್ಸಿನ ಹುಡುಗಿಯರ ಬ್ಯಾಗಿಗೆ ಸ್ಯಾನಿಟರಿ ಪ್ಯಾಡ್ ಮರೆಯಬೇಡಿ, ಆ ಮೊದಲ ರಾತ್ರಿ ಅವರು ಯಾರನ್ನೂ ಕೇಳುವುದಿಲ್ಲ. ಎಲ್ಲವೂ ಹೊಸದಿರಲಿ. ಬ್ಯಾಗಿನ ಮೇಲೆ ಸಭೆಯ ಹೆಸರು ಬೇಡ.

ಮಗು ತಂದ ಹಳೇ ಬಟ್ಟೆಯನ್ನು ಕೇಳದೆ ಒಗೆಯಬೇಡಿ, ಎಸೆಯಲೂ ಬೇಡಿ ಅಂತ ಸಾಕು ಕುಟುಂಬಕ್ಕೆ ಹೇಳಿಡಿ. ಕೊಳೆಯಾಗಿದ್ದರೂ ಅದರಲ್ಲಿ ಅಮ್ಮನ ವಾಸನೆ ಇರುತ್ತದೆ.

ಮಗು ಮೊದಲ ಸಲ ಸಭೆಗೆ ಬಂದಾಗ ನಾವು ಹೇಗಿರಬೇಕು?

ಒಂದು ಭಾನುವಾರ ನಡೆದದ್ದನ್ನು ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಒಬ್ಬ ಪುಟ್ಟ ಹುಡುಗ ಸಾಕು ಕುಟುಂಬದ ಜೊತೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದ ಬಾಯಿಗೆ ಗಂಟು ಹಾಕಿತ್ತು. ಹೊಸ ಬ್ಯಾಗ್ ಕೊಟ್ಟಿದ್ದರೂ ಚೀಲ ಬಿಟ್ಟಿರಲಿಲ್ಲ. ನಾವೆಲ್ಲ ಪ್ರೀತಿಯಿಂದಲೇ ಅವನನ್ನು ಸುತ್ತುಗಟ್ಟಿದೆವು. ಒಬ್ಬರು ಕೆನ್ನೆ ಹಿಂಡಿದರು, ಒಬ್ಬರು ಚಾಕಲೇಟ್ ಕೊಟ್ಟರು, ನಾನು ತಲೆ ಸವರಲು ಕೈ ಎತ್ತಿದೆ. ಆ ಕೈ ನೋಡಿದ್ದೇ ತಡ, ಅವನು ತಲೆ ಬಗ್ಗಿಸಿ ಬೆಂಚಿನ ಕೆಳಗೆ ಸೇರಿಕೊಂಡ. ಎತ್ತಿದ ಕೈ ಅವನಿಗೆ ಗೊತ್ತಿದ್ದದ್ದು ಒಂದೇ ಕೆಲಸಕ್ಕೆ. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ನಮ್ಮ ಸಭೆಯ ಒಬ್ಬ ಹಿರಿಯರು ಬಂದು ಅದೇ ಬೆಂಚಿನ ಆ ತುದಿಯಲ್ಲಿ ಕೂತರು. ಹುಡುಗನ ಕಡೆ ನೋಡಲೂ ಇಲ್ಲ. ಹಳೇ ಆರಾಧನಾ ಕ್ರಮದ ಹಾಳೆ ತೆಗೆದು ದೋಣಿ ಮಡಿಸಿ ಬೆಂಚಿನ ಮೇಲೆ ಇಟ್ಟರು. ಮುಂದಿನ ಭಾನುವಾರ ಇನ್ನೊಂದು. ಅದರ ಮುಂದಿನ ವಾರವೂ ಒಂದು. ನಾಲ್ಕನೇ ಭಾನುವಾರ ಹುಡುಗ ಬೆಂಚಿನ ಕೆಳಗಿಂದ ಕೈ ಚಾಚಿ ಒಂದು ಖಾಲಿ ಹಾಳೆ ಕೊಟ್ಟ. ತಾತ ಮಡಿಸುವುದನ್ನು ತೋರಿಸಿದರು, ಅಷ್ಟೇ. ಆ ಚೀಲದಲ್ಲಿ ಕೊನೆಗೆ ಜಾಸ್ತಿ ಇದ್ದದ್ದು ಕಾಗದದ ದೋಣಿಗಳೇ.

ಹಾಗಾಗಿ ಮುಟ್ಟುವ ಮೊದಲು ಕೇಳಿ. ಒಬ್ಬರು ಅಥವಾ ಇಬ್ಬರು ಮಾತ್ರ ಹತ್ತಿರ ಹೋಗಿ. ಪ್ರತಿ ವಾರ ಅದೇ ಒಬ್ಬರೇ ಹೋಗಿ. ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಯಬೇಡಿ. ಜೋರು ಸಂಗೀತ, ಗಟ್ಟಿ ಸ್ವರದ ಪ್ರಾರ್ಥನೆ ಕೆಲವು ಮಕ್ಕಳಿಗೆ ಮನೆಯ ಜಗಳವನ್ನು ನೆನಪಿಸುತ್ತದೆ. ಹೊರಗೆ ಹೋಗಿ ಕೂರಲು ಒಂದು ಜಾಗ ಇದೆ ಅಂತ ಮೊದಲೇ ತೋರಿಸಿ.

ಮಗುವಿಗೆ ಏನು ಕೇಳಬಾರದು?

“ನಿಮ್ಮ ಅಪ್ಪ ಅಮ್ಮ ಎಲ್ಲಿ?” “ಮನೇಲಿ ಏನಾಯ್ತು?” “ಇಲ್ಲಿ ಚೆನ್ನಾಗಿದೆಯಾ, ಅಲ್ಲಿ ಚೆನ್ನಾಗಿತ್ತಾ?” ಈ ಮೂರೂ ಬೇಡ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಯಾರಾದರೂ ಹೊಡೆದ, ಮೈ ಮುಟ್ಟಿದ ವಿಷಯ ಹೇಳಿದರೆ “ಯಾರಿಗೂ ಹೇಳಲ್ಲ” ಅಂತ ಮಾತು ಕೊಡಬೇಡಿ. ಮಗುವಿನ ಮಾತನ್ನು ಅದು ಹೇಳಿದ ಹಾಗೇ ಬರೆದಿಟ್ಟುಕೊಂಡು ಅವತ್ತೇ ಇಲಾಖೆಗೆ ತಿಳಿಸಿ.

ಪ್ರಾರ್ಥನಾ ಕೂಟದಲ್ಲಿ ಮಗುವಿನ ಹೆಸರು ಹೇಳಿ ಪ್ರಾರ್ಥಿಸಬಹುದಾ? ಫೋಟೋ ಹಾಕಬಹುದಾ?

ಫೋಟೋ ಬೇಡವೇ ಬೇಡ. ವಾಟ್ಸಾಪ್ ಗುಂಪು, ಫೇಸ್‌ಬುಕ್, ಆರಾಧನೆಯ ನೇರ ಪ್ರಸಾರ, ಎಲ್ಲೂ ಬೇಡ. ಎಷ್ಟೋ ಕಡೆ ಕಾನೂನೇ ಇದನ್ನು ತಡೆಯುತ್ತದೆ. ಮಗುವಿಗೆ ಅಪಾಯ ಮಾಡುವವರು ಅದನ್ನು ಹುಡುಕುತ್ತಿರಬಹುದು. ಕ್ರಿಸ್ಮಸ್ ನಾಟಕದ ಗುಂಪು ಫೋಟೋದಲ್ಲಿ ಮೂಲೆಯಲ್ಲಿ ಕಂಡರೂ ಸಾಕು, ಊರು ಗೊತ್ತಾಗಿಬಿಡುತ್ತದೆ.

ಪ್ರಾರ್ಥನೆಗೆ ಹೆಸರು, ಕಥೆ ಎರಡೂ ಬೇಕಿಲ್ಲ. “ನಮ್ಮ ಸಭೆಯ ಒಂದು ಮನೆಗೆ ಬಲ ಕೊಡು” ಅಂದರೆ ದೇವರಿಗೆ ಅರ್ಥವಾಗುತ್ತದೆ. ಮಗುವಿನ ಕಥೆ ಮಗುವಿನದು. ಅದನ್ನು ಸಭೆಯ ಮುಂದೆ ದೇವರ ಕೆಲಸದ ಸಾಕ್ಷಿ ಹೇಳಲು ಬಳಸುವ ಹಕ್ಕು ಪಾಸ್ಟರಿಗೂ ಇಲ್ಲ, ಸಾಕು ತಂದೆ ತಾಯಿಗೂ ಇಲ್ಲ.

ನಾನು ಸಂಡೇ ಸ್ಕೂಲ್ ಟೀಚರ್. ಮಗು ಕೂಗಾಡುತ್ತೆ, ಸುಳ್ಳು ಹೇಳುತ್ತೆ, ಬಿಸ್ಕತ್ತು ಕದ್ದು ಜೇಬಲ್ಲಿ ಇಟ್ಟುಕೊಳ್ಳುತ್ತೆ. ಶಿಸ್ತು ಕಲಿಸೋದು ಬೇಡವಾ?

ಬೇಕು. ಆದರೆ ಮೊದಲು ಆ ಬಿಸ್ಕತ್ತನ್ನು ಸರಿಯಾಗಿ ನೋಡೋಣ. ಹಸಿವಿನಲ್ಲಿ ಬೆಳೆದ ಮಗುವಿಗೆ ಮುಂದಿನ ಊಟ ಬರುತ್ತದೆ ಅನ್ನುವ ನಂಬಿಕೆ ಇರುವುದಿಲ್ಲ. ಬಚ್ಚಿಡುವುದು ಅದು ಬದುಕಲು ಕಲಿತ ಉಪಾಯ. ಬೈದರೆ ಇನ್ನೂ ಒಳಗೆ ಬಚ್ಚಿಡುತ್ತದೆ. “ಈ ಡಬ್ಬಿ ನಿನ್ನದು, ಯಾವಾಗ ಬೇಕಾದರೂ ತಗೋ” ಅಂತ ಒಂದು ಡಬ್ಬಿ ಕೊಟ್ಟು, ಅದು ಎಂದೂ ಖಾಲಿಯಾಗದ ಹಾಗೆ ನೋಡಿಕೊಳ್ಳಿ. ಹಸಿವಿನ ಭಯ ಹೋಗಲು ತಿಂಗಳುಗಟ್ಟಲೆ ಬೇಕಾಗಬಹುದು, ಬೇಸರ ಮಾಡಿಕೊಳ್ಳಬೇಡಿ.

ಕೂಗಾಟಕ್ಕೂ ಹೀಗೇ ಏನೋ ಒಂದು ಕಾರಣ ಇರುತ್ತದೆ. ಹೆದರಿದ ಮಗುವಿನ ತಲೆಗೆ ಬುದ್ಧಿಮಾತು ಇಳಿಯುವುದಿಲ್ಲ. ಮೊದಲು ಅದು ತಣ್ಣಗಾಗಬೇಕು. ನಿಮ್ಮ ದನಿ ತಗ್ಗಿಸಿ, ನೆಲದ ಮೇಲೆ ಕೂತು ಅದರ ಎತ್ತರಕ್ಕೆ ಬನ್ನಿ, ಮಾತು ಕಡಿಮೆ ಮಾಡಿ. ಹೆತ್ತವರ ಭೇಟಿಯ ಹಿಂದೆ ಮುಂದೆ ಒಂದೆರಡು ದಿನ ಕೂಗಾಟ ಜಾಸ್ತಿ ಇರುತ್ತದೆ. ಹುಟ್ಟುಹಬ್ಬ, ಹಬ್ಬದ ದಿನಗಳಲ್ಲೂ ಅಷ್ಟೇ. ಮಗುವನ್ನು ಒಂಟಿಯಾಗಿ ಹೊರಗೆ ನಿಲ್ಲಿಸುವ ಶಿಕ್ಷೆ ಬೇಡ. ಅದನ್ನು ಈಗಾಗಲೇ ಒಂದು ಮನೆಯಿಂದ ಹೊರಗೆ ತಂದಾಗಿದೆ. ಹೊಡೆಯುವ ಮಾತಂತೂ ಇಲ್ಲವೇ ಇಲ್ಲ.

ತಾಯಂದಿರ ದಿನ, ತಂದೆಯರ ದಿನ ಕಾರ್ಡ್ ಮಾಡಿಸುವಾಗ ಸ್ವಲ್ಪ ಯೋಚಿಸಿ. “ನಿನಗೆ ಇಷ್ಟವಾದ ಯಾರಿಗಾದರೂ” ಅನ್ನಿ, ಎರಡು ಮಾಡಿದರೂ ಸರಿ ಅನ್ನಿ. ವಂಶವೃಕ್ಷ ಬರೆಯಿಸುವ ಪಾಠ ಬಿಟ್ಟುಬಿಡಿ.

ನಾವೆಲ್ಲ ವಿಶ್ವಾಸಿಗಳು. ನಮಗೂ ಪೊಲೀಸ್ ತಪಾಸಣೆ ಯಾಕೆ?

ಯಾಕೆಂದರೆ ಮಕ್ಕಳಿಗೆ ಕೆಡುಕು ಮಾಡುವವರು ನಂಬಿಕೆ ಸುಲಭವಾಗಿ ಸಿಗುವ ಜಾಗವನ್ನೇ ಹುಡುಕಿ ಬರುತ್ತಾರೆ. ಎಷ್ಟೋ ಸಭೆಗಳಲ್ಲಿ ಮಕ್ಕಳು ಇದಕ್ಕೆ ಬೆಲೆ ತೆತ್ತಿದ್ದಾರೆ. ತಪಾಸಣೆಗೆ ಬೇಜಾರು ಮಾಡಿಕೊಳ್ಳುವವರು ಊಟ ತಲುಪಿಸಲಿ, ಮಕ್ಕಳ ಜೊತೆಗಿನ ಕೆಲಸ ಬೇಡ. ಒಬ್ಬ ದೊಡ್ಡವರು ಒಂದೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರುವ ಹಾಗಿಲ್ಲ. ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು. ಈ ನಿಯಮ ಪಾಸ್ಟರಿಗೂ ಒಂದೇ, ಹಿರಿಯರಿಗೂ ಒಂದೇ. ಬರೆದು ಗೋಡೆಗೆ ಅಂಟಿಸಿ.

ಹಣ ಕೊಡಬಹುದಾ?

ಕೊಡಬಹುದು. ಕನ್ನಡಕ, ಶಾಲೆಯ ಪ್ರವಾಸ, ಮಂಚ, ಪ್ರಯಾಣದ ಖರ್ಚು, ಹೀಗೆ ಕಣ್ಣಿಗೆ ಕಾಣುವ ಒಂದಕ್ಕೆ ಕೊಡಿ. ಗುಟ್ಟಾಗಿ ಕೊಡಿ.

ಮಗು ಬೇರೆ ಧರ್ಮದ ಮನೆಯಿಂದ ಬಂದಿದ್ರೆ? ದೀಕ್ಷಾಸ್ನಾನ ಕೊಡಿಸಬಹುದಾ?

ಇಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಇದನ್ನು ನೇರವಾಗಿ ಮುಟ್ಟುತ್ತದೆ. ಮನೆಯಿಂದ ದೂರ ಇರುವ ಮಗುವಿಗೆ ಬೇರೆ ಆಸರೆ ಹುಡುಕುವಾಗ ಅದರ ಧರ್ಮ, ಸಂಸ್ಕೃತಿ, ಭಾಷೆಯ ಹಿನ್ನೆಲೆಗೆ ಗೌರವ ಕೊಡಬೇಕು ಅನ್ನುತ್ತದೆ ಅದು. ಸಾಕು ಕುಟುಂಬಕ್ಕೆ ಸಿಕ್ಕಿರುವುದು ದಿನನಿತ್ಯದ ಆರೈಕೆಯ ಜವಾಬ್ದಾರಿ. ಮಗುವಿನ ಧರ್ಮ ಬದಲಿಸುವ ಅಧಿಕಾರ ಅದರಲ್ಲಿ ಇಲ್ಲ. ಆರಾಧನೆಗೆ ಕರೆತರಲೂ ಹೆತ್ತವರನ್ನು, ಇಲಾಖೆಯನ್ನು ಕೇಳಿಯೇ ಕರೆತನ್ನಿ. ಮಗುವಿಗೆ ಬರಲು ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ.

ಕೆಲವರಿಗೆ ಈ ಉತ್ತರ ಹಿಡಿಸುವುದಿಲ್ಲ, ಗೊತ್ತು. ಆದರೆ ಎಲ್ಲ ಕಳೆದುಕೊಂಡ ಮಗುವಿನ ಹತ್ತಿರ ಉಳಿದಿರುವುದು ಅಮ್ಮ ಕಲಿಸಿದ ಒಂದು ಪ್ರಾರ್ಥನೆ ಮಾತ್ರ ಇರಬಹುದು. ಅದನ್ನೂ ಕಿತ್ತುಕೊಳ್ಳುವುದು ಪ್ರೀತಿ ಆಗುವುದಿಲ್ಲ. ಯಾಕೋಬನ ಪತ್ರಿಕೆ 1:27ರಲ್ಲಿ ದಿಕ್ಕಿಲ್ಲದ ಮಕ್ಕಳ, ವಿಧವೆಯರ ಮಾತು ಬರುವಲ್ಲಿ ಗ್ರೀಕ್ ಮೂಲದಲ್ಲಿರುವ ಪದಕ್ಕೆ ಹೋಗಿ ನೋಡು, ವಿಚಾರಿಸಿಕೋ ಅನ್ನುವ ಅರ್ಥ ಇದೆ. ಅವರ ಸಂಕಟದಲ್ಲಿ ಹೋಗಿ ವಿಚಾರಿಸಿಕೊಳ್ಳಿ ಅಂತ ಅಲ್ಲಿದೆ. ಆ ಮಕ್ಕಳ ಮೇಲೆ ಯಾವ ಷರತ್ತೂ ಅಲ್ಲಿ ಇಲ್ಲ.

ಮಗುವನ್ನು ಈ ಸ್ಥಿತಿಗೆ ತಂದ ಹೆತ್ತವರ ಬಗ್ಗೆ ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ವಿಮೋಚನಕಾಂಡದ 2ನೇ ಅಧ್ಯಾಯ ತೆಗೆಯಿರಿ. ಮೋಶೆಯನ್ನು ಸಾಕಿದ್ದು ಫರೋಹನ ಮಗಳು. ಆದರೆ ಹಾಲು ಕೊಟ್ಟದ್ದು ಹೆತ್ತ ತಾಯಿಯೇ. ನದಿಯ ದಡದಲ್ಲಿ ನಿಂತು ಕಾದು, ಈ ಇಬ್ಬರು ತಾಯಂದಿರನ್ನು ಜೋಡಿಸಿದ್ದು ಅಕ್ಕ. ಚಿಕ್ಕವಳಿದ್ದಾಗಿನಿಂದ ಈ ಕಥೆ ಕೇಳಿದ್ದರೂ ಇದು ನನ್ನ ಕಣ್ಣಿಗೆ ಬಿದ್ದದ್ದು ಸಾಕು ಕುಟುಂಬಗಳ ಜೊತೆ ಓಡಾಡಲು ಶುರು ಮಾಡಿದ ಮೇಲೆ.

ಮಗು ವಾಪಸ್ ಹೋಗಬೇಕಾದರೆ ಆ ತಾಯಿ ಕುಡಿತ ಬಿಡಬೇಕು, ಕೆಲಸ ಹಿಡಿಯಬೇಕು, ಬಾಡಿಗೆ ಮನೆ ಹುಡುಕಬೇಕು. ಆಕೆಯನ್ನು ಕೌನ್ಸೆಲಿಂಗ್‌ಗೆ ಗಾಡಿಯಲ್ಲಿ ಬಿಟ್ಟು ಬರುವವರು ಯಾರು? ಇಲಾಖೆ ಒಪ್ಪಿದರೆ ಸಭೆಯ ಒಬ್ಬ ಹೆಂಗಸು ಆಕೆಗೆ ಗೆಳತಿಯಾಗಬಹುದು. ಮಗುವಿನ ಮುಂದೆ ಹೆತ್ತವರ ಬಗ್ಗೆ ಒಂದು ಕೆಟ್ಟ ಮಾತೂ ಬೇಡ. ಅವರನ್ನು ಬೈದರೆ ಮಗುವಿಗೆ ತನ್ನ ಅರ್ಧವನ್ನೇ ಬೈದ ಹಾಗೆ ಆಗುತ್ತದೆ. ಅಣ್ಣ ತಂಗಿ ಬೇರೆ ಬೇರೆ ಮನೆಗಳಲ್ಲಿದ್ದರೆ, ಅವರು ಸೇರಿ ಆಡಲು ಸಭೆಯ ಅಂಗಳ ಕೊಡಿ.

ಸಾಕು ಕುಟುಂಬದ ಸ್ವಂತ ಮಕ್ಕಳಿಗೆ ಏನಾದ್ರೂ ಮಾಡಬೇಕಾ?

ಖಂಡಿತ. ಅವರೂ ಕೋಣೆ, ಆಟಿಕೆ, ಅಮ್ಮನ ಮಡಿಲು ಎಲ್ಲ ಹಂಚಿಕೊಂಡಿರುತ್ತಾರೆ. ಯಾರೂ ಅವರನ್ನು ಕೇಳುವುದಿಲ್ಲ. ಸಂಡೇ ಸ್ಕೂಲ್ ಟೀಚರ್ ಅವರ ಹೆಸರು ಹಿಡಿದು “ನೀನು ಹೇಗಿದೀಯ?” ಅಂತ ಕೇಳಲಿ.

ಮಗು ವಾಪಸ್ ಹೋದ ಮೇಲೆ?

ಆ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿರುತ್ತದೆ. ಸಾವಿನ ಮನೆಗೆ ಹೋಗುವ ಹಾಗೆ ಈ ಮನೆಗೂ ಹೋಗಿ. ಊಟ ತಗೊಂಡು ಹೋಗಿ, ಸುಮ್ನೆ ಕೂತು ಬನ್ನಿ. “ನಿಮಗೆ ಮೊದಲೇ ಗೊತ್ತಿತ್ತಲ್ವಾ” ಅನ್ನಬೇಡಿ. ಗೊತ್ತಿದ್ದರೂ ಅಳು ಬರುತ್ತದೆ. ಇನ್ನೊಂದು ಮಗು ಯಾವಾಗ ಬರುತ್ತೆ ಅಂತ ಆ ವಾರ ಕೇಳಬೇಡಿ.

ಮಗುವಿನ ಜೊತೆ ಕಳಿಸಲು ಒಂದು ಪುಸ್ತಕ ಮಾಡಿಡಿ ಅಂತ ನಾನು ಎಲ್ಲ ಸಾಕು ಕುಟುಂಬಗಳಿಗೂ ಹೇಳುತ್ತೇನೆ. ಬಿದ್ದ ಹಲ್ಲು ಯಾವ ದಿನ ಬಿತ್ತು, ಯಾವ ಹಾಡು ಇಷ್ಟ, ರಾತ್ರಿ ದೀಪ ಹಾಕಿ ಮಲಗುತ್ತಾ ಆರಿಸಿ ಮಲಗುತ್ತಾ, ಇವೆಲ್ಲ ಅದರಲ್ಲಿರಲಿ. ಹೆತ್ತ ತಾಯಿ ನೋಡದೇ ಹೋದ ದಿನಗಳು ಆಕೆಗೆ ಅಷ್ಟಾದರೂ ಸಿಗಲಿ.

ಹದಿನೆಂಟು ತುಂಬಿದ ಮೇಲೆ ಅವರು ಹೇಗೋ ಬದುಕಿಕೊಳ್ತಾರೆ ಅಲ್ವಾ?

ನಮ್ಮ ಸ್ವಂತ ಮಕ್ಕಳನ್ನು ಹದಿನೆಂಟನೇ ಹುಟ್ಟುಹಬ್ಬದ ಮಾರನೇ ದಿನ ಬ್ಯಾಗ್ ಕೊಟ್ಟು ಕಳಿಸುತ್ತೇವಾ? ಬಹಳಷ್ಟು ಕಡೆ ಸರ್ಕಾರದ ಆಸರೆ ಆ ವಯಸ್ಸಿನ ಆಸುಪಾಸಿನಲ್ಲಿ ಕಡಿಮೆಯಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಆಗ ಬೇಕಾಗುವುದು ಚಿಕ್ಕ ಚಿಕ್ಕ ಸಂಗತಿಗಳೇ. ಕೆಲಸದ ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂರುವವರು ಬೇಕು. ಬಾಡಿಗೆ ಮನೆಗೆ ಪರಿಚಯ ಹೇಳುವವರು, ಬ್ಯಾಂಕ್ ಖಾತೆ ತೆರೆಯಲು ಜೊತೆಗೆ ಬರುವವರು ಬೇಕು. ಜ್ವರ ಬಂದ ರಾತ್ರಿ ಫೋನ್ ಎತ್ತುವವರು ಬೇಕು. ಆಸ್ಪತ್ರೆಯ ಫಾರ್ಮಿನಲ್ಲಿ “ತುರ್ತು ಸಂಪರ್ಕ” ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಯಾರ ಹೆಸರು ಬರೆಯಲಿ ಅಂತ ಗೊತ್ತಾಗದೆ ಪೆನ್ನು ಹಿಡಿದು ಕೂತಿದ್ದ ಒಬ್ಬ ಹುಡುಗಿಯನ್ನು ನಾನು ನೋಡಿದ್ದೇನೆ. ನಮ್ಮ ಮಹಿಳಾ ಕೂಟದ ಒಬ್ಬ ಆಂಟಿ ಜೊತೆಗೆ ಹೋಗಿದ್ದರು. ಫಾರ್ಮ್ ಈಸಿಕೊಂಡು ತಮ್ಮ ಹೆಸರು, ನಂಬರ್ ಬರೆದರು. ‘ಸಂಬಂಧ’ ಅಂತ ಇದ್ದ ಜಾಗದಲ್ಲಿ ಏನು ಬರೀಲಿ ಅಂತ ಹುಡುಗಿಯನ್ನೇ ಕೇಳಿದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಚಿಕ್ಕಮ್ಮ ಅಂತ ಬರೀರಿ” ಅಂದಳು.